ಕಾಯುವ ದಿನಗಳಲ್ಲಿ ಸಮಾಧಾನದ ಕೆಲಸ

ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಆಗಮನ ಕಾಲವನ್ನು ನಮ್ಮಲ್ಲಿ ಬಹುಮಂದಿ ಹಬ್ಬದ ತಯಾರಿಯ ಕಾಲವೆಂದೇ ತಿಳಿದಿದ್ದಾರೆ. ಮನೆಗೆ ಸುಣ್ಣಬಣ್ಣ, ಬಾಗಿಲಿಗೆ ನಕ್ಷತ್ರದ ಗೂಡುದೀಪ, ಮೂಲೆಯಲ್ಲಿ ಗೋದಲಿ, ಕರಾವಳಿಯ ಮನೆಗಳಲ್ಲಿ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ಡಬ್ಬಗಳು, ರಾತ್ರಿ ಮನೆಮನೆಗೆ ಹೋಗುವ ಕ್ಯಾರಲ್ ತಂಡ, ಇವುಗಳ ನಡುವೆ ಆ ವಾರಗಳು ಕಳೆದೇ ಹೋಗುತ್ತವೆ. ಈ ಸಡಗರದಲ್ಲಿ ತಪ್ಪೇನೂ ಇಲ್ಲ. ಆದರೆ ಆ ಭಾನುವಾರಗಳಲ್ಲಿ ದೇವಾಲಯದಲ್ಲಿ ಓದುವ ವಾಕ್ಯಗಳಿಗೆ ಕಿವಿಗೊಟ್ಟರೆ ಅಲ್ಲಿ ಕೇಳಿಬರುವುದು ಯುದ್ಧದ, ತೀರ್ಪಿನ, ಸುಲಿಗೆಯ, ಬಡವರಿಗಾದ ಅನ್ಯಾಯದ ಮಾತು. ಸಮಾಧಾನದ ಮಾತು ಬರುವುದು ಅವುಗಳ ನಡುವಿನಿಂದಲೇ. ಸಮಾಧಾನಪಡಿಸುವವರು ಧನ್ಯರು ಎಂದು ಯೇಸು ಬೆಟ್ಟದ ಮೇಲೆ ಹೇಳಿದ ಮಾತನ್ನು ಈ ಕಾಲದಲ್ಲಿ ಬದುಕಿ ತೋರಿಸುವುದೆಂದರೆ ಏನು ಎಂಬುದನ್ನು ಆ ವಾಕ್ಯಗಳ ಬೆಳಕಿನಲ್ಲಿ, ಹಾಗೆ ಬದುಕಿದ ಕೆಲವರ ಚರಿತ್ರೆಯ ಆಧಾರದಲ್ಲಿ ಇಲ್ಲಿ ಬಿಡಿಸಿ ನೋಡಬಹುದು.

ಮೊದಲು ಕಾಲದ ಲೆಕ್ಕ. ಪಾಶ್ಚಾತ್ಯ ಪರಂಪರೆಯ ಸಭೆಗಳಲ್ಲಿ, ಅಂದರೆ ಕಥೋಲಿಕ, ಲೂಥರನ್, ಆಂಗ್ಲಿಕನ್ ಸಭೆಗಳಲ್ಲಿಯೂ ನಮ್ಮ ದಕ್ಷಿಣ ಭಾರತ ಸಭೆಯಲ್ಲಿಯೂ, ನವೆಂಬರ್ 30ಕ್ಕೆ ಅತಿ ಸಮೀಪದ ಭಾನುವಾರ ಆಗಮನ ಕಾಲ ತೊಡಗುತ್ತದೆ. ಹೀಗಾಗಿ ಅದು ನವೆಂಬರ್ 27ಕ್ಕಿಂತ ಮೊದಲು ಬರುವುದಿಲ್ಲ, ಡಿಸೆಂಬರ್ 3ನ್ನು ದಾಟುವುದೂ ಇಲ್ಲ. ಸಭೆಯ ಪಂಚಾಂಗದ ಹೊಸ ವರ್ಷ ಆರಂಭವಾಗುವುದೂ ಅಂದೇ. ಕೇರಳದ ಸುರಿಯಾನಿ ಕ್ರೈಸ್ತರು ಹಬ್ಬಕ್ಕೆ ಮುನ್ನ 25 ದಿನಗಳ ಉಪವಾಸವನ್ನು ಪಾಲಿಸುತ್ತಾರೆ. ಪಾಶ್ಚಾತ್ಯ ಸಭೆಗಳಲ್ಲಿ ಗುರುಗಳು ಈಸ್ಟರಿಗೆ ಮುಂಚಿನ ತಪಸ್ಸು ಕಾಲದಂತೆಯೇ ಈಗಲೂ ನೇರಳೆ ಬಣ್ಣದ ಉಡುಪು ಧರಿಸುವುದು ಇದು ಆತ್ಮಪರೀಕ್ಷೆಯ ಕಾಲವೂ ಹೌದು ಎಂಬುದಕ್ಕೆ ಉಳಿದಿರುವ ಗುರುತು. ಮೇಣದಬತ್ತಿಗಳ ಆಗಮನ ಚಕ್ರ ಹೊಸದು: 1839ರಲ್ಲಿ ಹ್ಯಾಂಬರ್ಗಿನಲ್ಲಿ ಬಡ ಮಕ್ಕಳ ಆಶ್ರಯಧಾಮ ನಡೆಸುತ್ತಿದ್ದ ಯೋಹಾನ್ ಹಿನ್ರಿಕ್ ವಿಚೆರ್ನ್ ಎಂಬ ಸಭಾಪಾಲಕರು, ಹಬ್ಬ ಯಾವಾಗ ಬರುತ್ತದೆ ಎಂದು ಕೇಳುತ್ತಲೇ ಇದ್ದ ಮಕ್ಕಳಿಗಾಗಿ ಒಂದು ಗಾಲಿಯ ಸುತ್ತ ಬತ್ತಿಗಳನ್ನು ನಿಲ್ಲಿಸಿದರು. ಇಂದು ಬಹಳಷ್ಟು ಸಭೆಗಳಲ್ಲಿ ನಾಲ್ಕು ಬತ್ತಿಗಳಿಗೆ ನಿರೀಕ್ಷೆ, ಸಮಾಧಾನ, ಸಂತೋಷ, ಪ್ರೀತಿ ಎಂಬ ಹೆಸರುಗಳಿವೆ, ಎರಡನೆಯ ಭಾನುವಾರ ಸಮಾಧಾನದ ಬತ್ತಿ ಉರಿಯುತ್ತದೆ.

ಈ ಕಾಲದಲ್ಲಿ ಸಭೆ ಕಾಯುವುದು ಎರಡು ಆಗಮನಗಳನ್ನು. ಒಂದು ಬೆತ್ಲೆಹೇಮಿನಲ್ಲಿ ಆಗಿಹೋದದ್ದು. ಇನ್ನೊಂದು ಕ್ರಿಸ್ತನು ನ್ಯಾಯಾಧಿಪತಿಯಾಗಿ ಮರಳಿ ಬರುವನೆಂಬ ನಂಬಿಕೆಯಲ್ಲಿ ಮುಂದಿರುವುದು. ಎರಡನೆಯದನ್ನು ಮರೆತರೆ ಆಗಮನ ಕಾಲದ ಸಮಾಧಾನ ಅರ್ಥವಾಗುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಭಾನುವಾರದ ಬೈಬಲ್ ವಾಚನಗಳನ್ನು ಗೊತ್ತುಮಾಡುವ ಮೂರು ವರ್ಷಗಳ ಪಾಠಾವಳಿಯ ಮೊದಲ ವರ್ಷದಲ್ಲಿ, ಮೊದಲ ಭಾನುವಾರ ಪ್ರವಾದಿ ಯೆಶಾಯನ ಗ್ರಂಥದ ಎರಡನೆಯ ಅಧ್ಯಾಯವನ್ನು ಓದುತ್ತಾರೆ. ಜನಾಂಗಗಳು ತಮ್ಮ ಕತ್ತಿಗಳನ್ನು ಗುಳಗಳನ್ನಾಗಿಯೂ ಭರ್ಜಿಗಳನ್ನು ಕುಡುಗೋಲುಗಳನ್ನಾಗಿಯೂ ಬಡಿಯುವ ಚಿತ್ರ ಎಲ್ಲರಿಗೂ ಗೊತ್ತು. ಆದರೆ ಅದೇ ವಚನದ ಮೊದಲ ಅರ್ಧವನ್ನು ನಾವು ಬೇಗನೆ ದಾಟಿಬಿಡುತ್ತೇವೆ. ಅಲ್ಲಿ ದೇವರು ಜನಾಂಗಗಳ ನಡುವೆ ನ್ಯಾಯ ತೀರಿಸುತ್ತಾನೆ, ಅವರ ವ್ಯಾಜ್ಯಗಳನ್ನು ಬಗೆಹರಿಸುತ್ತಾನೆ. ಕತ್ತಿಗಳು ಕುಲುಮೆಗೆ ಬೀಳುವುದು ಅದಾದ ಮೇಲೆ. ಮುಂದಿನ ಭಾನುವಾರದ ಹನ್ನೊಂದನೆಯ ಅಧ್ಯಾಯದಲ್ಲೂ ಇದೇ ಕ್ರಮ. ಬರಲಿರುವ ಅರಸನು ಬಡವರಿಗೆ ನೀತಿಯಿಂದ ತೀರ್ಪು ಕೊಡುತ್ತಾನೆ, ಆ ನಂತರ ತೋಳವು ಕುರಿಮರಿಯ ಜೊತೆ ವಾಸಿಸುತ್ತದೆ. ತೋಳ ತೋಳವಾಗಿಯೇ ಉಳಿದು ಕುರಿಮರಿಯೊಂದೇ ಸುಮ್ಮನಿರಲು ಕಲಿಯಬೇಕೆಂದು ಪ್ರವಾದಿ ಹೇಳುವುದಿಲ್ಲ.

ಈ ಮಾತುಗಳು ಹುಟ್ಟಿದ್ದು ನೆಮ್ಮದಿಯ ಕಾಲದಲ್ಲಲ್ಲ. ಯೆಶಾಯ ಬದುಕಿದ ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ ಅಸ್ಸೀರಿಯದ ಸೈನ್ಯ ಒಂದೊಂದೇ ರಾಜ್ಯವನ್ನು ನುಂಗುತ್ತಿತ್ತು. ಸಿರಿಯ ಮತ್ತು ಉತ್ತರದ ಇಸ್ರಾಯೇಲು ಕೂಡಿ ಯೆರೂಸಲೇಮಿನ ಮೇಲೆ ಬಂದಾಗ ಅರಸನಾದ ಆಹಾಜನು ಹೆದರಿ ಅದೇ ಅಸ್ಸೀರಿಯಕ್ಕೆ ಕಪ್ಪಕಾಣಿಕೆ ಕಳಿಸಿ ನೆರವು ಬೇಡಿದನು. ಸಮಾಧಾನದ ಪ್ರಭುವಿನ ಜನನವನ್ನು ಸಾರುವ ಒಂಬತ್ತನೆಯ ಅಧ್ಯಾಯದಲ್ಲಿ, ಮಗು ಹುಟ್ಟಿತೆಂಬ ಮಾತಿಗೆ ಸ್ವಲ್ಪ ಮೊದಲೇ, ದಂಡಿನವರ ಮೆಟ್ಟುಗಳೂ ರಕ್ತದಲ್ಲಿ ನೆನೆದ ಬಟ್ಟೆಗಳೂ ಬೆಂಕಿಗೆ ಆಹುತಿಯಾಗುವ ವಾಕ್ಯವಿದೆ. ಅಂಥ ಮೆಟ್ಟುಗಳ ಸಪ್ಪಳ ಕೇಳಿದ್ದ ಜನರಿಗೆ ಆ ಮಾತು ಅಲಂಕಾರವಾಗಿ ಕೇಳಿಸಿರಲಾರದು.

ಲೂಕನ ಕ್ರಿಸ್‌ಮಸ್ ಕಥೆಯೂ ಹಾಗೆಯೇ. ಅದು ಚಕ್ರವರ್ತಿ ಔಗುಸ್ತನ ಆಜ್ಞೆಯೊಂದಿಗೆ ಆರಂಭವಾಗುತ್ತದೆ. ಆ ಔಗುಸ್ತನ ಹೆಸರಿನಲ್ಲಿ ರೋಮ್ ನಗರದಲ್ಲಿ ಶಾಂತಿಯ ಬಲಿಪೀಠವೊಂದು ಕ್ರಿಸ್ತಪೂರ್ವ 9ರಲ್ಲಿ ಪ್ರತಿಷ್ಠೆಗೊಂಡಿತ್ತು. ಲೋಕಕ್ಕೆ ಶಾಂತಿ ತಂದವನು ಚಕ್ರವರ್ತಿಯೇ ಎಂಬುದು ಸಾಮ್ರಾಜ್ಯದ ಸಾರೋಣ. ಆ ಶಾಂತಿ ಗಲಿಲಾಯದಲ್ಲಿ ಹೇಗೆ ಕಾಣಿಸಿತೆಂಬುದನ್ನು ಯೆಹೂದಿ ಇತಿಹಾಸಕಾರ ಯೋಸೇಫಸ್ ಬರೆದಿದ್ದಾನೆ. ಕ್ರಿಸ್ತಪೂರ್ವ 4ರಲ್ಲಿ ಹೆರೋದನು ಸತ್ತ ಮೇಲೆ ದಂಗೆಗಳೆದ್ದಾಗ ರೋಮಿನ ಅಧಿಪತಿ ವಾರಸ್‌ನ ದಂಡು ನಜರೇತಿಗೆ ಕೆಲವೇ ಮೈಲಿ ದೂರದ ಸೆಪ್ಫೊರಿಸ್ ಪಟ್ಟಣವನ್ನು ಸುಟ್ಟಿತು, ಅಲ್ಲಿನ ಜನರನ್ನು ಗುಲಾಮರನ್ನಾಗಿ ಮಾಡಿತು, ದಂಗೆಕೋರರಲ್ಲಿ ಸುಮಾರು 2000 ಮಂದಿಯನ್ನು ಶಿಲುಬೆಗೇರಿಸಲಾಯಿತು. ದೂತರು ಕುರುಬರಿಗೆ ಭೂಮಿಯ ಮೇಲೆ ಸಮಾಧಾನ ಎಂದು ಹಾಡಿದ್ದು ಇಂಥ ಶಾಂತಿಯ ಕಣ್ಣೆದುರಿನಲ್ಲಿ. ಎದುರು ಮಾತಾಡುವವರು ಯಾರೂ ಉಳಿಯದಿದ್ದಾಗ ಉಂಟಾಗುವ ಸದ್ದಿಲ್ಲದ ಸ್ಥಿತಿಗೂ ದೇವರು ವಾಗ್ದಾನ ಮಾಡಿದ ಸಮಾಧಾನಕ್ಕೂ ಇರುವ ಈ ವ್ಯತ್ಯಾಸ ತಿಳಿಯದೆ ಸಮಾಧಾನದ ಕೆಲಸಕ್ಕೆ ಕೈಹಾಕಿದವನು ಬಲವಂತರ ಪರವಾಗಿಯೇ ಕೆಲಸ ಮಾಡಿದಂತಾಗುತ್ತದೆ. ಸಮಾಧಾನವಿಲ್ಲದಿರುವಾಗ ಸಮಾಧಾನ, ಸಮಾಧಾನ ಎಂದು ಹೇಳಿ ಗಾಯದ ಮೇಲ್ಮೈಯನ್ನಷ್ಟೇ ವಾಸಿಮಾಡುವವರನ್ನು ಪ್ರವಾದಿ ಯೆರೆಮೀಯನು ಕಟುವಾಗಿ ಖಂಡಿಸಿದ್ದು ಇದೇ ಕಾರಣಕ್ಕೆ.

ಹಾಗಾದರೆ ಏನು ಮಾಡಬೇಕು? ಆಗಮನ ಕಾಲದ ಪಾಠಗಳಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಕೇಳುವವರು ಲೂಕನ ಮೂರನೆಯ ಅಧ್ಯಾಯದ ಜನಸಾಮಾನ್ಯರು. ಯೊರ್ದನಿನ ದಡದಲ್ಲಿ ಸ್ನಾನಿಕ ಯೋಹಾನನು ಅವರಿಗೆ ಕೊಡುವ ಉತ್ತರಗಳು ಆಶ್ಚರ್ಯವಾಗುವಷ್ಟು ಸಾದಾ ಆಗಿವೆ. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವರು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡದಿರಲಿ. ಸಿಪಾಯಿಗಳು ಹೆದರಿಸಿ ಸುಲಿಯದೆ, ಸುಳ್ಳು ದೂರು ಹೊರಿಸದೆ ತಮ್ಮ ಸಂಬಳದಲ್ಲಿ ತೃಪ್ತರಾಗಿರಲಿ. ಪ್ರತಿಯೊಬ್ಬನಿಗೂ ಅವನವನ ಉದ್ಯೋಗದೊಳಗೆ, ಅವನ ಕೈಗೆ ಎಟಕುವ ಜಾಗದಲ್ಲಿಯೇ ಕೆಲಸ ಸಿಕ್ಕಿತು. ಜಗಳಗಳು ಬೆಳೆಯುವುದು ಇಂಥ ಜಾಗಗಳಲ್ಲೇ ಎಂದು ಯೋಹಾನನಿಗೆ ಗೊತ್ತಿತ್ತು: ಹೆಚ್ಚಿಗೆ ಕಿತ್ತುಕೊಂಡ ನಾಲ್ಕು ಕಾಸಿನಲ್ಲಿ, ಹೊರಿಸಿದ ಒಂದು ಸುಳ್ಳಿನಲ್ಲಿ.

ಇದು ದೊಡ್ಡ ಸಂಘರ್ಷಗಳಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿ ನಗರದ ಎರಡು ಡಿಸೆಂಬರುಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಹೊಲಿಗೆಯ ಕೆಲಸದ ಮಹಿಳೆ ನಗರದ ಬಸ್ಸಿನಲ್ಲಿ ಬಿಳಿಯರಿಗೆ ತಮ್ಮ ಸೀಟು ಬಿಟ್ಟುಕೊಡಲು ಒಪ್ಪದೆ ಬಂಧಿತರಾದರು. ಡಿಸೆಂಬರ್ 4ರ ಭಾನುವಾರ ಕಪ್ಪು ಜನರ ಚರ್ಚುಗಳಲ್ಲಿ, ಮರುದಿನ ಯಾರೂ ಬಸ್ಸು ಹತ್ತಬಾರದೆಂದು ವೇದಿಕೆಯ ಮೇಲಿಂದ ಪ್ರಕಟಿಸಲಾಯಿತು. ಪಂಚಾಂಗದ ಪ್ರಕಾರ ಅದು ಆಗಮನ ಕಾಲದ ಎರಡನೆಯ ಭಾನುವಾರ. ಅಲ್ಲಿನ ಬ್ಯಾಪ್ಟಿಸ್ಟ್ ಸಭೆಗಳಿಗೆ ಆಗಮನ ಕಾಲವನ್ನು ವಿಧಿಪೂರ್ವಕವಾಗಿ ಆಚರಿಸುವ ಸಂಪ್ರದಾಯ ಅಷ್ಟಾಗಿ ಇರಲಿಲ್ಲ, ಆದ್ದರಿಂದ ದಿನಾಂಕದ ಈ ಹೊಂದಾಣಿಕೆಗೆ ಹೆಚ್ಚು ಅರ್ಥ ಹಚ್ಚಬೇಕಿಲ್ಲ. ಆದರೆ ಯೆಶಾಯನ ಕ್ರಮ, ಅಂದರೆ ಮೊದಲು ನ್ಯಾಯ, ಅದರ ಹಿಂದೆ ಸಮಾಧಾನ ಎಂಬುದು, ಆ ನಗರದಲ್ಲಿ ಹೇಗೆ ನಡೆದುಬಂತು ಎಂಬುದು ಗಮನಿಸತಕ್ಕದ್ದು. ಬಹಿಷ್ಕಾರ 381 ದಿನ ನಡೆಯಿತು. ನೀವು ಬರುವ ಮೊದಲು ಇಲ್ಲಿ ಎಲ್ಲರೂ ಶಾಂತಿಯಿಂದ ಇದ್ದೆವು ಎಂದು ಬಿಳಿಯರು ದೂರಿದಾಗ, ನಿಜವಾದ ಶಾಂತಿಯೆಂದರೆ ತಿಕ್ಕಾಟ ಇಲ್ಲದಿರುವುದಷ್ಟೇ ಅಲ್ಲ, ನ್ಯಾಯ ಇರುವುದು ಎಂಬರ್ಥದ ಉತ್ತರವನ್ನು ಚಳವಳಿಯ ಮುಂದಾಳಾಗಿದ್ದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಕೊಟ್ಟರು. ಬಹಿಷ್ಕಾರ ತೊಡಗಿದಾಗ ಅವರಿಗೆ 26 ವರ್ಷ. ತಮಗೆ ಪ್ರೇರಣೆ ಕ್ರಿಸ್ತನಿಂದ, ಮಾರ್ಗ ಗಾಂಧಿಯಿಂದ ಬಂತೆಂದು ಅವರು ಹೇಳಿಕೊಂಡದ್ದೂ ಈ ಚಳವಳಿಯ ಕುರಿತೇ.

ಹೋರಾಟದ ಈ ಭಾಗ ಎಲ್ಲರಿಗೂ ಪರಿಚಿತ. ಕಡಿಮೆ ಪರಿಚಿತವಾದದ್ದು, ನನ್ನ ಎಣಿಕೆಯಲ್ಲಿ ಹೆಚ್ಚು ಮುಖ್ಯವಾದದ್ದು, ಗೆದ್ದ ಮೇಲೆ ಅವರು ಮಾಡಿಕೊಂಡ ಸಿದ್ಧತೆ. 1956ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಬಸ್ಸುಗಳಲ್ಲಿನ ವರ್ಣಭೇದ ಸಂವಿಧಾನಬಾಹಿರವೆಂಬ ತೀರ್ಪನ್ನು ಎತ್ತಿಹಿಡಿಯಿತು. ಆದೇಶದ ಪ್ರತಿ ಮಾಂಟ್ಗೊಮರಿಗೆ ತಲುಪಲು ಡಿಸೆಂಬರ್ 20 ಆಯಿತು. ನಡುವಿನ ವಾರಗಳಲ್ಲಿ, ಇನ್ನೂ ಬಸ್ಸು ಹತ್ತದೆ ಕಾಯುತ್ತಿದ್ದ ಜನರಿಗೆ, ಚರ್ಚುಗಳಲ್ಲಿ ತರಬೇತಿ ನಡೆಯಿತು. ಪೀಠದ ಮುಂದೆ ಕುರ್ಚಿಗಳನ್ನು ಬಸ್ಸಿನ ಸೀಟುಗಳಂತೆ ಸಾಲಾಗಿ ಇಟ್ಟು, ಮುಂದೊಂದು ಕುರ್ಚಿಯನ್ನು ಚಾಲಕನಿಗೆ ಬಿಟ್ಟು, ಸಭಿಕರಲ್ಲಿ ಹತ್ತು ಹನ್ನೆರಡು ಮಂದಿಯನ್ನು ಆರಿಸಿ ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಡುತ್ತಿದ್ದರು. ಒಬ್ಬರು ಚಾಲಕ, ಕೆಲವರು ಸಭ್ಯ ಬಿಳಿಯರು, ಕೆಲವರು ಬೈಯುವ, ತಳ್ಳುವ ಬಿಳಿಯರು, ಉಳಿದವರು ತಾವೇ. ಬಿಳಿಯನ ಪಾತ್ರ ವಹಿಸಿದವರು ಕೆಲವೊಮ್ಮೆ ಎಷ್ಟು ಆವೇಶದಿಂದ ಬೈಯುತ್ತಿದ್ದರೆಂದರೆ ಅವರನ್ನು ಮೆಲ್ಲಗೆ ತಡೆಯಬೇಕಾಗುತ್ತಿತ್ತು; ತಮ್ಮದೇ ಪಾತ್ರದಲ್ಲಿದ್ದವರು ಅಹಿಂಸೆಯನ್ನು ಮರೆತು ತಿರುಗಿ ಬಾರಿಸಿಬಿಡುತ್ತಿದ್ದದ್ದೂ ಉಂಟು. ಆಗ ಅದನ್ನು ಸಭೆಯ ಮುಂದೆಯೇ ಚರ್ಚಿಸಿ, ತಿದ್ದುತ್ತಿದ್ದರು. ಸಮಾಧಾನವೆಂಬುದು ಒಳ್ಳೆಯ ಮನಸ್ಸಿದ್ದರೆ ತಾನಾಗಿ ಬರುವ ಗುಣವೆಂದು ಅವರು ನಂಬಲಿಲ್ಲ. ಕೈ ಎತ್ತುವ ಅಭ್ಯಾಸ ದೇಹದಲ್ಲಿದೆ, ಅದನ್ನು ಬಿಡಿಸಲು ದೇಹಕ್ಕೇ ಅಭ್ಯಾಸ ಬೇಕು ಎಂದು ಅವರು ಅರಿತಿದ್ದರು.

ಡಿಸೆಂಬರ್ 19ರ ದಿನಾಂಕ ಹೊತ್ತ ಒಂದು ಸೂಚನಾಪತ್ರವನ್ನೂ ಅವರು ಹಂಚಿದರು. ಅದರ ತಿರುಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಎಲ್ಲ ಬಿಳಿಯರೂ ಈ ಬದಲಾವಣೆಯ ವಿರೋಧಿಗಳಲ್ಲ, ಹಲವರ ಸದ್ಭಾವವನ್ನು ಸ್ವೀಕರಿಸಿರಿ; ಇದು ಕಪ್ಪು ಜನರೊಬ್ಬರದೇ ಗೆಲುವಲ್ಲ, ಇಡೀ ಊರಿನ ಗೆಲುವು, ಆದ್ದರಿಂದ ಜಂಬ ಕೊಚ್ಚಿಕೊಳ್ಳಬೇಡಿರಿ; ಬೇರೆ ಸೀಟು ಖಾಲಿಯಿದ್ದರೆ ಬೇಕೆಂದೇ ಬಿಳಿಯರ ಪಕ್ಕ ಹೋಗಿ ಕೂರಬೇಡಿರಿ; ಯಾರ ಪಕ್ಕ ಕೂರುವಾಗಲೂ ಅನುಮತಿ ಕೇಳಿರಿ; ಬೈದರೆ ತಿರುಗಿ ಬೈಯಬೇಡಿರಿ, ತಳ್ಳಿದರೆ ತಳ್ಳಬೇಡಿರಿ, ಆದರೆ ಸೀಟು ಬಿಟ್ಟು ಏಳಲೂ ಬೇಡಿರಿ. ಮೊದಲ ಕೆಲವು ದಿನ ನಿಮಗೆ ವಿಶ್ವಾಸವಿರುವ ಸ್ನೇಹಿತರೊಬ್ಬರೊಂದಿಗೆ ಪ್ರಯಾಣ ಮಾಡಿರಿ. ಇದೆಲ್ಲ ನಿಮ್ಮಿಂದ ಸಹಿಸಲಾಗದು ಅನ್ನಿಸಿದರೆ ಇನ್ನೊಂದೆರಡು ವಾರ ನಡೆದೇ ಹೋಗಿರಿ. ಈ ಕೊನೆಯ ಸೂಚನೆಯಲ್ಲಿ ಎಂಥ ಪ್ರಾಮಾಣಿಕತೆ ಇದೆ! ವರ್ಷಕ್ಕೂ ಮಿಕ್ಕಿ ಕಾಲು ಸವೆಸಿದವರಿಗೆ ಅದು ಹೇಳುತ್ತಿದೆ: ನಿಮ್ಮ ಸಿಟ್ಟು ಇನ್ನೂ ಹತೋಟಿಗೆ ಬಂದಿಲ್ಲದಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದಿಲ್ಲ, ಆದರೆ ಆ ಸಿಟ್ಟನ್ನು ಬಸ್ಸಿನೊಳಕ್ಕೆ ಒಯ್ಯಬೇಡಿರಿ. ಆದರೆ ಸೀಟಿನಿಂದ ಏಳಬೇಡಿರಿ ಎಂಬ ಸೂಚನೆಯನ್ನು ಬಿಟ್ಟು ಉಳಿದವನ್ನಷ್ಟೇ ಓದಿದರೆ ಇದು ಸೌಜನ್ಯದ ಪಾಠವಾಗಿ ಉಳಿದೀತು. ಹಕ್ಕನ್ನು ಬಿಟ್ಟುಕೊಡದೆ, ಎದುರಾಳಿಯ ಮಾನವನ್ನೂ ಕಳೆಯದೆ ನಿಲ್ಲುವುದು ಅಲ್ಲಿ ಒಂದೇ ಕಾಗದದಲ್ಲಿ ಸೇರಿಕೊಂಡಿದೆ.

ಡಿಸೆಂಬರ್ 21ರ ಶುಕ್ರವಾರ ಮುಂಜಾನೆ ಆರು ಗಂಟೆಯ ಹೊತ್ತಿಗೆ ಕಿಂಗ್ ತಮ್ಮ ಮನೆಯ ಹತ್ತಿರದ ನಿಲ್ದಾಣದಲ್ಲಿ ಬಸ್ಸು ಹತ್ತಿದರು. ಚಾಲಕನು ನಗುನಗುತ್ತಾ ಅವರ ಗುರುತು ಹಿಡಿದು ಸ್ವಾಗತಿಸಿದನು. ಅಂದು ಅವರ ಪಕ್ಕ ಕುಳಿತದ್ದು ಗ್ಲೆನ್ ಸ್ಮೈಲಿ ಎಂಬ ಬಿಳಿಯ ಪಾದ್ರಿ. ಆ ಸೂಚನಾಪತ್ರದ ತಯಾರಿಯಲ್ಲಿ ನೆರವಾದವರೂ ಅವರೇ. ಸ್ಮೈಲಿ ಬಂದದ್ದು ಫೆಲೋಶಿಪ್ ಆಫ್ ರೀಕನ್ಸಿಲಿಯೇಶನ್ ಎಂಬ ಸಂಘದಿಂದ; ಅದರ ಮೂಲಕ್ಕೆ ಹೋದರೆ ಇನ್ನೊಂದು ಯುದ್ಧ, ಇನ್ನೊಂದು ಡಿಸೆಂಬರ್ ಸಿಗುತ್ತದೆ. 1914ರ ಆಗಸ್ಟಿನಲ್ಲಿ ಜರ್ಮನಿಯ ಕೊನ್ಸ್ಟಾನ್ಸಿನಲ್ಲಿ ಕ್ರೈಸ್ತರ ಶಾಂತಿ ಸಮ್ಮೇಳನವೊಂದು ಯುದ್ಧಾರಂಭದಿಂದ ಅರ್ಧಕ್ಕೆ ನಿಂತಿತು. ಊರಿಗೆ ಮರಳುವ ದಾರಿಯಲ್ಲಿ ಕೊಲೋನ್ ರೈಲು ನಿಲ್ದಾಣದಲ್ಲಿ ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದ, ಇಂಗ್ಲೆಂಡಿನ ಹೆನ್ರಿ ಹಾಡ್ಜ್‌ಕಿನ್ ಮತ್ತು ಜರ್ಮನಿಯ ಲೂಥರನ್ ಪಾದ್ರಿ ಫ್ರೀಡ್ರಿಕ್ ಸೀಗ್ಮಂಡ್ ಶುಲ್ಟ್ಸ್ ಕೈಕೈ ಹಿಡಿದು, ತಮ್ಮ ದೇಶಗಳು ಏನು ಮಾಡಿದರೂ ಕ್ರಿಸ್ತನಲ್ಲಿ ಒಂದಾದ ತಾವು ಯುದ್ಧದಲ್ಲಿಲ್ಲವೆಂದು ಮಾತು ಕೊಟ್ಟುಕೊಂಡರು. ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ಕೇಂಬ್ರಿಡ್ಜಿನಲ್ಲಿ ಸಂಘ ಹುಟ್ಟಿತು. ಅದೇ ಡಿಸೆಂಬರ್ 7ರಂದು, ಎರಡನೆಯ ಆಗಮನ ಭಾನುವಾರದ ಮರುದಿನ, ಪೋಪ್ ಹದಿನೈದನೆಯ ಬೆನೆಡಿಕ್ಟರು ದೂತರು ಹಾಡಿದ ರಾತ್ರಿಯಾದರೂ ತೋಪುಗಳು ಸುಮ್ಮನಿರಲಿ ಎಂದು ಯುದ್ಧನಿರತ ರಾಷ್ಟ್ರಗಳನ್ನು ಬೇಡಿಕೊಂಡಿದ್ದರು. ಸರ್ಕಾರಗಳು ಒಪ್ಪಲಿಲ್ಲ, ಕ್ರಿಸ್‌ಮಸ್ ಹೊತ್ತಿಗೆ ಪಶ್ಚಿಮ ರಂಗದ ಹಲವೆಡೆ ಸಿಪಾಯಿಗಳು ತಾವಾಗಿಯೇ ಕಂದಕಗಳಿಂದ ಮೇಲೆ ಬಂದು ಕೈಕುಲುಕಿದರು, ಆಮೇಲೆ ಯುದ್ಧ ಇನ್ನೂ ನಾಲ್ಕು ವರ್ಷ ನಡೆಯಿತು. ನಿಲ್ದಾಣದಲ್ಲಿ ಕೊಟ್ಟ ಮಾತು ಮಾತ್ರ 42 ವರ್ಷಗಳ ಮೇಲೆ ಅಲಬಾಮಾದ ಬಸ್ಸಿನಲ್ಲಿ ಕಿಂಗ್ ಅವರ ಪಕ್ಕದ ಸೀಟಿನವರೆಗೆ ಬಂತು. ಕೊಲೋನಿನಲ್ಲಿ ನಿಂತಿದ್ದ ಇಬ್ಬರಿಗೆ ಅದನ್ನು ಊಹಿಸಲೂ ಸಾಧ್ಯವಿರಲಿಲ್ಲ. ಕಾಯುವುದು ಸಮಾಧಾನದ ಕೆಲಸದ ಒಳಗಿನದೇ ಭಾಗ ಎನ್ನುವುದು ಈ ಅರ್ಥದಲ್ಲಿ: ಮಾಡುವವನಿಗೆ ಫಲದ ಮೇಲೆ ಹಿಡಿತವಿಲ್ಲ, ಹಾಗೆಂದು ಮಾಡದೆ ಬಿಡುವಂತಿಲ್ಲ.

ಮಾಂಟ್ಗೊಮರಿಯ ಕಥೆಯ ಇನ್ನೊಂದು ಮುಖವನ್ನೂ ಹೇಳದೆ ಬಿಡಬಾರದು. ಬಸ್ಸು ಹತ್ತುವ ಮೊದಲು, ಸೌಜನ್ಯದಿಂದ ನಡೆದುಕೊಳ್ಳುವಂತೆ ಊರಿನವರಿಗೆ ಕರೆಕೊಡುವ ಒಂದು ಸಣ್ಣ ಹೇಳಿಕೆ ನೀಡಿರೆಂದು ಬಿಳಿಯ ಪಾದ್ರಿಗಳ ಒಕ್ಕೂಟವನ್ನು ಕೇಳಲಾಯಿತು. ಕೆಲವರಿಗೆ ಮನಸ್ಸಿದ್ದರೂ ಬಹುಮಂದಿ ವಿವಾದಕ್ಕೆ ಸಿಲುಕಲು ಹೆದರಿದರು, ಹೇಳಿಕೆ ಬರಲಿಲ್ಲ. ಆ ಪಾದ್ರಿಗಳು ಯಾರನ್ನೂ ಹೊಡೆದವರಲ್ಲ, ಬಹುಶಃ ತಮ್ಮನ್ನು ಶಾಂತಿಪ್ರಿಯರೆಂದೇ ಎಣಿಸಿಕೊಂಡಿದ್ದರು. ಡಿಸೆಂಬರ್ 23ರ ನಸುಕಿನಲ್ಲಿ ಕಿಂಗ್ ಅವರ ಮನೆಯ ಮುಂಬಾಗಿಲಿಗೆ ಗುಂಡು ಹಾರಿತು. ಕೆಲದಿನಗಳಲ್ಲಿ ಬಸ್ಸಿನಲ್ಲಿದ್ದ ಗರ್ಭಿಣಿಯೊಬ್ಬರ ಕಾಲುಗಳಿಗೆ ಗುಂಡೇಟು ಬಿತ್ತು, ಜನವರಿಯಲ್ಲಿ ಚರ್ಚುಗಳ ಮೇಲೆ ಬಾಂಬು ಬಿದ್ದವು. ಶಾಂತಿಯನ್ನು ಇಷ್ಟಪಡುವುದಕ್ಕೂ ಶಾಂತಿಯನ್ನು ಮಾಡುವುದಕ್ಕೂ ಇರುವ ಅಂತರ ಆ ಬಾರದ ಹೇಳಿಕೆಯಲ್ಲಿ ನನಗೆ ಸ್ಪಷ್ಟವಾಗಿ ಕಾಣುತ್ತದೆ.

ಕ್ಷಮೆಯ ಪ್ರಶ್ನೆ ಇದಕ್ಕಿಂತ ಕಠಿಣ. 2005ರ ನವೆಂಬರ್ 26ರಂದು, ಆಗಮನ ಕಾಲದ ಮೊದಲ ಭಾನುವಾರದ ಹಿಂದಿನ ದಿನ, ಬಾಗ್ದಾದಿನಲ್ಲಿ ಕ್ರಿಶ್ಚಿಯನ್ ಪೀಸ್‌ಮೇಕರ್ ಟೀಮ್ಸ್ ಎಂಬ ಸಂಘಟನೆಯ ಜೊತೆಗಿದ್ದ ನಾಲ್ವರು ಅಪಹರಣಕ್ಕೊಳಗಾದರು. ಅಮೆರಿಕದ ಕ್ವೇಕರ್ ಟಾಮ್ ಫಾಕ್ಸ್, ಬ್ರಿಟನ್ನಿನ ನಾರ್ಮನ್ ಕೆಂಬರ್, ಕೆನಡಾದ ಜೇಮ್ಸ್ ಲೋನಿ ಮತ್ತು ಭಾರತೀಯ ಮೂಲದ ಹರ್ಮೀತ್ ಸಿಂಗ್ ಸೂಡನ್. ಫಾಕ್ಸ್ ಅವರನ್ನು ಮಾರ್ಚಿನಲ್ಲಿ ಕೊಲ್ಲಲಾಯಿತು. ಉಳಿದ ಮೂವರನ್ನು 2006ರ ಮಾರ್ಚ್ 23ರಂದು ಸೈನಿಕರು ಗುಂಡು ಹಾರಿಸದೆ ಬಿಡಿಸಿದರು. ಆಯುಧವನ್ನು ಒಪ್ಪದವರು ಆಯುಧಧಾರಿಗಳಿಂದಲೇ ಬಿಡುಗಡೆಯಾದದ್ದು ಸುಲಭವಾಗಿ ಬಗೆಹರಿಯುವ ಪ್ರಶ್ನೆಯಲ್ಲ. ಮುಂದಿನ ಆಗಮನ ಕಾಲದಲ್ಲಿ, ಡಿಸೆಂಬರ್ 8ರಂದು, ಆ ಮೂವರು ಲಂಡನ್ನಿನಲ್ಲಿ ಒಟ್ಟಾಗಿ ಕುಳಿತು ಒಂದು ಹೇಳಿಕೆ ಓದಿದರು. ಅಪಹರಿಸಿದವರು ಮಾಡಿದ್ದು ತಪ್ಪು, ಅದರಿಂದ ತಮಗೂ ತಮ್ಮ ಕುಟುಂಬಗಳಿಗೂ ಬಹಳ ನೋವಾಗಿದೆ ಎಂದು ಮೊದಲು ಹೇಳಿದರು. ಆಮೇಲೆ, ತಾವು ಅವರನ್ನು ಯಾವ ಷರತ್ತೂ ಇಲ್ಲದೆ ಕ್ಷಮಿಸಿರುವುದಾಗಿ ಹೇಳಿ, ಶಿಕ್ಷೆಯಾದರೆ ಅವರಿಗೆ ಸಾಧ್ಯವಾದಷ್ಟು ದಯೆ ತೋರಬೇಕೆಂದು ಕೇಳಿಕೊಂಡರು. ಇಲ್ಲಿಯ ಕ್ರಮವನ್ನು ಗಮನಿಸಬೇಕು. ತಪ್ಪನ್ನು ತಪ್ಪೆಂದು ಹೆಸರಿಸದೆ ಕೊಡುವ ಕ್ಷಮೆ ಬರಿಯ ಮರೆವು. ಅವರು ಹೆಸರಿಸಿದರು, ಪ್ರತೀಕಾರದ ಹಕ್ಕನ್ನು ಮಾತ್ರ ಕೈಬಿಟ್ಟರು.

ಕ್ಷಮಿಸುವ ಅಧಿಕಾರ ನೋವುಂಡವರದು, ಬೇರೆಯವರು ಅದನ್ನು ಅವರ ಪರವಾಗಿ ಬಳಸಲಾಗದು. ಗಂಡನ ಹೊಡೆತ ತಿನ್ನುತ್ತಿರುವ ಹೆಂಗಸಿಗೆ ಹಬ್ಬದ ಹೆಸರಿನಲ್ಲಿ ಹೊಂದಿಕೊಂಡು ಹೋಗಮ್ಮ ಎಂದು ಬುದ್ಧಿ ಹೇಳುವುದು ನಮ್ಮ ಸಭೆಗಳಲ್ಲಿ ಇಂದಿಗೂ ಸಮಾಧಾನದ ಕೆಲಸವೆಂದು ಹೆಸರು ಪಡೆಯುತ್ತದೆ. ಅದು ಯೆರೆಮೀಯನು ಖಂಡಿಸಿದ ಕೆಲಸವೇ ಹೊರತು ಬೇರೆಯಲ್ಲ. ಅಂಥಲ್ಲಿ ಸಮಾಧಾನಪಡಿಸುವವರ ಮೊದಲ ಕರ್ತವ್ಯ ಆಕೆಯನ್ನೂ ಮಕ್ಕಳನ್ನೂ ಸುರಕ್ಷಿತ ಜಾಗಕ್ಕೆ ತಲುಪಿಸುವುದು. ಇಡೀ ಸಮುದಾಯಕ್ಕೆ ಪೆಟ್ಟು ಬಿದ್ದಾಗಲೂ ಇದೇ ನಿಯಮ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಸುತ್ತಲಿನ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದದ್ದನ್ನು ಕಂಡ ಕರಾವಳಿಯ ಕ್ರೈಸ್ತರಿಗೆ ನ್ಯಾಯ ಕೇಳುವುದು, ಕ್ಷಮಿಸುವುದು, ನೆರೆಮನೆಗೆ ಎಂದಿನಂತೆ ಕುಸ್ವಾರಿನ ತಟ್ಟೆ ಕಳಿಸುವುದು ಮೂರೂ ಒಟ್ಟಿಗೆ ನಡೆಯಬೇಕಾದ ಕೆಲಸಗಳು. ಒಂದನ್ನು ಮಾಡಿದ್ದರಿಂದ ಇನ್ನೊಂದರ ಅಗತ್ಯ ತೀರುವುದಿಲ್ಲ.

ಇನ್ನು ಆರಾಧನೆಯೊಳಗೇ ಈ ಕೆಲಸಕ್ಕೆ ಇಟ್ಟಿರುವ ಜಾಗವನ್ನು ನೋಡಬೇಕು, ಇಲ್ಲಿ ದಕ್ಷಿಣ ಭಾರತದ ಕೊಡುಗೆ ದೊಡ್ಡದು. ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ದಕ್ಷಿಣ ಭಾರತ ಸಂಯುಕ್ತ ಸಭೆಗಳು ತಮ್ಮ ಹಳೆಯ ಬೇರ್ಪಾಟುಗಳನ್ನು ಬಿಟ್ಟು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಒಂದಾದವು. ಹೀಗೆ ಹುಟ್ಟಿದ ದಕ್ಷಿಣ ಭಾರತ ಸಭೆ 1950ರಲ್ಲಿ ರೂಪಿಸಿದ ಪ್ರಭುಭೋಜನದ ಆರಾಧನಾ ಕ್ರಮದಲ್ಲಿ, ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಉಳಿದುಬಂದಿದ್ದ ಸಮಾಧಾನ ಹಂಚುವ ಪದ್ಧತಿಗೆ ಮತ್ತೆ ಸ್ಥಾನ ಸಿಕ್ಕಿತು. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ಸೇರಿಸುತ್ತಾರೆ, ಇಬ್ಬರೂ ಎಡಗೈಯಿಂದ ಪರಸ್ಪರರ ಬಲಗೈಯನ್ನು ಮುಚ್ಚುತ್ತಾರೆ, ದೇವರ ಸಮಾಧಾನ ನಿಮ್ಮೊಂದಿಗಿರಲಿ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಪೀಠದ ಬಳಿಯಿಂದ ಹೊರಟ ಅದು ಸಾಲಿನಿಂದ ಸಾಲಿಗೆ ಹಿಂದಿನ ಬೆಂಚಿನವರೆಗೆ ಸಾಗುತ್ತದೆ. ಮುಂದೆ ಲೋಕದ ಅನೇಕ ಸಭೆಗಳು ತಮ್ಮ ಆರಾಧನೆಯನ್ನು ತಿದ್ದಿಕೊಂಡಾಗ ಈ ಮಾದರಿಯಿಂದ ಕಲಿತವು.

ಇದನ್ನು ಕಾಣಿಕೆ ಅರ್ಪಿಸುವುದಕ್ಕೆ ಮುಂಚೆ ಇಟ್ಟದ್ದಕ್ಕೆ ಆಧಾರ ಮತ್ತಾಯನ ಐದನೆಯ ಅಧ್ಯಾಯ. ಬಲಿಪೀಠದ ಹತ್ತಿರ ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ವಿರೋಧವಿದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ಒಂದಾಗು ಎನ್ನುತ್ತಾನೆ ಯೇಸು. ನಿನಗೆ ಯಾರ ಮೇಲೆ ಸಿಟ್ಟಿದೆ ಎಂದು ಅಲ್ಲಿ ಕೇಳುತ್ತಿಲ್ಲ. ಯಾರಿಗೆ ನಿನ್ನ ಮೇಲೆ ಇದೆ ಎಂದು ಕೇಳುತ್ತಿದೆ. ನೊಂದವನು ಬರಲಿ ಎಂದು ಕಾಯುವಂತಿಲ್ಲ. ಆದರೆ ಪಕ್ಕದಲ್ಲಿ ಕುಳಿತವರ ಕೈಹಿಡಿಯುವುದು ಸುಲಭವಾದ್ದರಿಂದ, ನಾಲ್ಕನೆಯ ಬೆಂಚಿನಲ್ಲಿ ಕುಳಿತ ನಾದಿನಿಯ ಕಡೆಗೆ ನಾವು ಹೋಗದೆಯೇ ಆರಾಧನೆ ಮುಗಿದುಬಿಡುತ್ತದೆ. ಸಭೆಯ ಆಸ್ತಿ ಮತ್ತು ಚುನಾವಣೆಗಳ ಕುರಿತ ಮೊಕದ್ದಮೆಗಳು, ಬೆಂಗಳೂರಿನ ಕಥೋಲಿಕ ಧರ್ಮಸಭೆಯಲ್ಲಿ ಪೂಜೆಯ ಭಾಷೆಯನ್ನು ಕುರಿತು ದಶಕಗಳಿಂದ ನಡೆದುಬಂದ ಜಗಳ, ಜಾತಿಯನ್ನು ನೋಡಿಯೇ ನಡೆಯುವ ಮದುವೆಗಳು, ಇವೆಲ್ಲ ಇರುವಲ್ಲಿ ಲೋಕಕ್ಕೆ ಸಮಾಧಾನ ಸಾರುವ ಮೊದಲು ಮಾಡಬೇಕಾದ ಕೆಲಸ ಮನೆಯೊಳಗೇ ಬೇಕಾದಷ್ಟಿದೆ.

ಅದನ್ನು ಮಾಡುವ ರೀತಿಗೂ ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ ಕ್ರಮವಿದೆ: ಮೊದಲು ಒಬ್ಬನೇ ಹೋಗಿ ಮಾತಾಡುವುದು, ಆಗದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದೊಯ್ಯುವುದು, ಆಮೇಲೆ ಸಭೆಗೆ ತಿಳಿಸುವುದು. ನಾವು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತೇವೆ, ಮೊದಲು ಊರಿಗೆಲ್ಲ ತಿಳಿದು ಕೊನೆಗೆ ಸಂಬಂಧಪಟ್ಟವನ ಕಿವಿಗೆ ಬೀಳುತ್ತದೆ. ಪಿತ್ರಾರ್ಜಿತ ಜಮೀನಿನ ಪಾಲಿಗಾಗಿ ಮಾತುಬಿಟ್ಟ ಅಣ್ಣತಮ್ಮಂದಿರಲ್ಲಿ ಒಬ್ಬನು ಈ ಕಾಲದಲ್ಲಿ ಮೊದಲ ಹೆಜ್ಜೆ ಇಡಲು ಬಯಸಿದರೆ, ಕ್ರಿಸ್‌ಮಸ್ ರಾತ್ರಿ ಕೇಕು ಹಿಡಿದು ಬಾಗಿಲಿಗೆ ಹೋಗುವುದಕ್ಕಿಂತ ಮೊದಲ ವಾರದಲ್ಲೇ ಹೋಗುವುದು ಉತ್ತಮ. ಹಬ್ಬದ ರಾತ್ರಿ ಬಂದವನಿಗೆ ಎದುರಿನವನು ಬೇಡವೆನ್ನಲಾರ, ಹಾಗೆಂದು ಮನಬಿಚ್ಚಿ ಮಾತಾಡಲೂ ಆರ. ಮೊದಲ ವಾರದಲ್ಲಿ ಹೋದರೆ ಅವನಿಗೆ ಸಿಟ್ಟಾಗಲು, ಯೋಚಿಸಲು, ಮರಳಿ ಕರೆಯಲು ಸಮಯವಿರುತ್ತದೆ. ಹೋಗುವವನು ತನ್ನಿಂದಾದ ತಪ್ಪನ್ನು ನಿಖರವಾಗಿ ಹೇಳಬೇಕು, ಏನಾದರೂ ತಪ್ಪಾಗಿದ್ದರೆ ಎಂದು ತೇಲಿಸಬಾರದು. ಪಾಲಿನ ಲೆಕ್ಕದಲ್ಲಿ ಸರಿಪಡಿಸಬೇಕಾದ್ದಿದ್ದರೆ ಕಾಗದಪತ್ರ ಜೊತೆಗೊಯ್ಯಬೇಕು. ಜೊತೆಗೆ ಮಧ್ಯಸ್ಥರು ಬೇಕಾದರೆ ಇಬ್ಬರಿಗೂ ನಂಬಿಕೆಯಿರುವ ಹಿರಿಯರನ್ನೇ ಕರೆಯಬೇಕು, ಸಭಾಪಾಲಕರೇ ಜಗಳದಲ್ಲಿ ಒಂದು ಪಕ್ಷವಾಗಿದ್ದರೆ ಅವರನ್ನು ಬಿಟ್ಟು ಬೇರೆಯವರನ್ನು. ಇಷ್ಟಾದ ಮೇಲೂ ಬಾಗಿಲು ತೆರೆಯದಿದ್ದರೆ, ರೋಮಾಪುರದವರಿಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ ಪೌಲನು ಇಟ್ಟ ಮಿತಿಯಿದೆ: ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ, ಎಲ್ಲರ ಸಂಗಡ ಸಮಾಧಾನದಿಂದಿರಿ. ಆಗ ಮಾಡಬಹುದಾದದ್ದು ಅವನ ವಿಷಯದಲ್ಲಿ ಬೇರೆಯವರ ಮುಂದೆ ಕೆಟ್ಟ ಮಾತಾಡದಿರುವುದು, ಅವನ ಮಕ್ಕಳನ್ನು ದಾರಿಯಲ್ಲಿ ಕಂಡಾಗ ಮಾತಾಡಿಸುವುದು, ಮುಂದಿನ ವರ್ಷ ಮತ್ತೆ ಹೋಗುವುದು.